ಪಿಯುಸಿ ಮೇಷ್ಟ್ರುಗಳ ಸಂಖ್ಯೆ: ಒಂದು ಲೆಕ್ಕ, ಹಲವು ವಾದ

ದೇಶದ ಶಾಲೆಗಳ ಲೆಕ್ಕ ಇಡುವ ಯುಡೈಸ್ ಪ್ಲಸ್‌ನ 2019–20ರ ವರದಿ ಹೊರಬಂದಾಗ ಪತ್ರಿಕೆಗಳು ಒಂದು ಸುದ್ದಿಯನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿದವು. ಭಾರತದ ಶಾಲೆಗಳಲ್ಲಿ ಮೊದಲ ಬಾರಿಗೆ ಶಿಕ್ಷಕಿಯರ ಸಂಖ್ಯೆ ಶಿಕ್ಷಕರದನ್ನು ದಾಟಿತ್ತು: ಮಹಿಳೆಯರು 49.2 ಲಕ್ಷ, ಪುರುಷರು 47.7 ಲಕ್ಷ. ಅದೇ ವರದಿಯನ್ನು ಹಂತವಾರು ಬಿಡಿಸಿದರೆ ಬೇರೆಯೇ ಚಿತ್ರ ಕಾಣುತ್ತದೆ. ಪೂರ್ವ ಪ್ರಾಥಮಿಕದಲ್ಲಿ ಲಕ್ಷಕ್ಕೂ ಹೆಚ್ಚು ಮಹಿಳೆಯರು, ಪುರುಷರು ಸುಮಾರು 27 ಸಾವಿರ. ಪ್ರಾಥಮಿಕದಲ್ಲಿ 19.6 ಲಕ್ಷ ಮಹಿಳೆಯರು, 15.7 ಲಕ್ಷ ಪುರುಷರು. ಹಿರಿಯ ಪ್ರಾಥಮಿಕಕ್ಕೆ ಬರುವಷ್ಟರಲ್ಲಿ ಪುರುಷರೇ ಮುಂದು: 11.5 ಲಕ್ಷ ಪುರುಷರಿಗೆ 10.6 ಲಕ್ಷ ಮಹಿಳೆಯರು. ಪ್ರೌಢಶಾಲೆಯಲ್ಲಿ 6.3ಕ್ಕೆ 5.2 ಲಕ್ಷ. ಹನ್ನೊಂದು–ಹನ್ನೆರಡನೇ ತರಗತಿಯಲ್ಲಿ, ಅಂದರೆ ನಮ್ಮ ಪಿಯುಸಿ ಹಂತದಲ್ಲಿ, 3.7 ಲಕ್ಷ ಪುರುಷರು, 2.8 ಲಕ್ಷ ಮಹಿಳೆಯರು.

ಶೇಕಡಾವಾರು ಹೇಳುವುದಾದರೆ ಪುರುಷರ ಪಾಲು ಪ್ರಾಥಮಿಕದಲ್ಲಿ 44ರ ಆಸುಪಾಸು, ಪಿಯುಸಿಯಲ್ಲಿ 57. ತರಗತಿ ಮೇಲೇರಿದಂತೆಲ್ಲ ಗಂಡಸರ ಪಾಲೂ ಏರುತ್ತದೆ. ಇದು ಭಾರತದ ವೈಶಿಷ್ಟ್ಯವೇನಲ್ಲ. ಯುನೆಸ್ಕೊ ಲೆಕ್ಕದ ಪ್ರಕಾರ ಜಗತ್ತಿನ ಪ್ರಾಥಮಿಕ ಶಿಕ್ಷಕರಲ್ಲಿ ಸುಮಾರು ಮೂರನೇ ಎರಡು ಭಾಗ ಮಹಿಳೆಯರು. ಪ್ರೌಢ ಹಂತದಲ್ಲಿ ಆ ಪಾಲು ಅರ್ಧಕ್ಕಿಂತ ಸ್ವಲ್ಪ ಮೇಲೆ ನಿಲ್ಲುತ್ತದೆ. ಸಹಾರಾ ಮರುಭೂಮಿಯ ದಕ್ಷಿಣದ ಆಫ್ರಿಕಾದಲ್ಲಂತೂ ಪ್ರೌಢ ಹಂತದ ಹತ್ತು ಶಿಕ್ಷಕರಲ್ಲಿ ಮಹಿಳೆಯರು ಮೂವರ ಆಸುಪಾಸು. ಅಭಿವೃದ್ಧಿಶೀಲ ದೇಶಗಳಲ್ಲಿ ಮೇಲಿನ ತರಗತಿಗಳು ಏಕೆ ಇಷ್ಟು ಗಟ್ಟಿಯಾಗಿ ಗಂಡಸರ ಕೈಯಲ್ಲಿವೆ ಎಂಬ ಬಗ್ಗೆ ಅರ್ಥಶಾಸ್ತ್ರಜ್ಞರು, ಇತಿಹಾಸಕಾರರು, ಸ್ತ್ರೀವಾದಿಗಳು, ಆಡಳಿತಗಾರರು ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ. ಭಾರತವನ್ನು, ಅದರಲ್ಲೂ ನಮಗೆ ಹತ್ತಿರದ ಕರ್ನಾಟಕವನ್ನು, ಮುಂದಿಟ್ಟುಕೊಂಡು ಆ ಉತ್ತರಗಳನ್ನು ಒಂದೊಂದಾಗಿ ನೋಡಬಹುದು.

ಮೊದಲು ಎಣಿಕೆಯ ತೊಡಕು

ಮೇಲಿನ ಹಂತವಾರು ಅಂಕಿಗಳನ್ನು ಕೂಡಿಸಿ ನೋಡಿ. ಪುರುಷರು ಸುಮಾರು 37.5 ಲಕ್ಷ ಆಗುತ್ತಾರೆ. ಒಟ್ಟು ಪುರುಷ ಶಿಕ್ಷಕರು 47.7 ಲಕ್ಷ ಎಂದು ಅದೇ ವರದಿ ಹೇಳುತ್ತದೆ. ಮಹಿಳೆಯರ ಲೆಕ್ಕದಲ್ಲೂ ಹತ್ತು ಲಕ್ಷದಷ್ಟು ವ್ಯತ್ಯಾಸವಿದೆ. ಈ ಇಪ್ಪತ್ತು ಲಕ್ಷ ಮಂದಿ ಎಲ್ಲೂ ಕಳೆದುಹೋದವರಲ್ಲ. ಒಂದಕ್ಕಿಂತ ಹೆಚ್ಚು ಹಂತಗಳಲ್ಲಿ ಪಾಠ ಮಾಡುವವರನ್ನು ಯುಡೈಸ್ ಪ್ರತ್ಯೇಕ ಸಾಲಿನಲ್ಲಿ ಬರೆದುಕೊಳ್ಳುತ್ತದೆ. ಒಂಬತ್ತು, ಹತ್ತನೇ ತರಗತಿಗೆ ಗಣಿತ ಹೇಳಿ, ಹನ್ನೊಂದಕ್ಕೂ ಹೋಗುವ ಶಿಕ್ಷಕಿಯನ್ನು 'ಪ್ರೌಢ ಮತ್ತು ಹಿರಿಯ ಪ್ರೌಢ' ಎಂಬ ಕಲಂನಲ್ಲಿ ಹುಡುಕಬೇಕು. ಹಾಗಾಗಿ 3.7 ಲಕ್ಷ ಎಂಬುದು ಪಿಯುಸಿ ಹಂತದ ಎಲ್ಲ ಗಂಡಸರ ಲೆಕ್ಕವಲ್ಲ. ಆ ಹಂತಕ್ಕೆ ಮಾತ್ರ ಮೀಸಲಾದವರ ಲೆಕ್ಕ.

ಇದು ಬರೀ ತಾಂತ್ರಿಕ ವಿವರ ಎಂದು ದಾಟಿಹೋಗುವಂತಿಲ್ಲ, ಏಕೆಂದರೆ ರಾಜ್ಯದಿಂದ ರಾಜ್ಯಕ್ಕೆ ಈ ಹಂತದ ಮನೆಯೇ ಬೇರೆ. ಕೇರಳ 1990ರ ದಶಕದಲ್ಲಿ ಪ್ರೀ-ಡಿಗ್ರಿಯನ್ನು ಕಾಲೇಜುಗಳಿಂದ ಬಿಡಿಸಿ ಪ್ಲಸ್ ಟೂ ಹೆಸರಿನಲ್ಲಿ ಶಾಲೆಗಳಿಗೆ ತಂದಿತು. ಆಂಧ್ರ, ತೆಲಂಗಾಣಗಳಲ್ಲಿ ಅದು ಇಂಟರ್‌ಮೀಡಿಯೆಟ್. ಅದಕ್ಕೆ ಜೂನಿಯರ್ ಕಾಲೇಜುಗಳೇ ಬೇರೆ, ಮಂಡಳಿಯೇ ಬೇರೆ. ಕರ್ನಾಟಕದಲ್ಲಿ ಅದು ಪದವಿ ಪೂರ್ವ ಕಾಲೇಜು, ಪಾಠ ಹೇಳುವವರು ಉಪನ್ಯಾಸಕರು. ಶಾಲೆಯೊಳಗಿನ ತರಗತಿಯನ್ನೂ ಕಾಲೇಜಿನೊಳಗಿನ ತರಗತಿಯನ್ನೂ ಒಂದೇ ಕಲಂನಲ್ಲಿ ಇಟ್ಟು ರಾಜ್ಯಗಳನ್ನು ಹೋಲಿಸುವಾಗ ಎಚ್ಚರ ಬೇಕು. ದೇಶದೇಶಗಳನ್ನು ಹೋಲಿಸುವ ಜಾಗತಿಕ ಕೋಷ್ಟಕಗಳಲ್ಲಿ ಈ ತೊಡಕು ಹಲವು ಪಟ್ಟು ಬೆಳೆಯುತ್ತದೆ.

ಇನ್ನೊಂದು ಮಾತು. 2012–13ರಲ್ಲಿ ದೇಶದಲ್ಲಿ 42.4 ಲಕ್ಷ ಶಿಕ್ಷಕರು, 35.8 ಲಕ್ಷ ಶಿಕ್ಷಕಿಯರು ಇದ್ದರು. ಏಳು ವರ್ಷಗಳಲ್ಲಿ ಪುರುಷರು ಐದು ಲಕ್ಷಕ್ಕೂ ಹೆಚ್ಚಾದರು, ಮಹಿಳೆಯರು ಹದಿಮೂರು ಲಕ್ಷಕ್ಕೂ ಹೆಚ್ಚಾದರು. 2024–25ರಲ್ಲಿ ಒಟ್ಟು ಬೋಧಕರು ಒಂದು ಕೋಟಿ ದಾಟಿ, ಮಹಿಳೆಯರ ಪಾಲು ಶೇ. 54.2 ಆಯಿತು. 'ಗಂಡಸರು ಮೇಷ್ಟ್ರಗಿರಿ ಬಿಟ್ಟು ಹೋಗುತ್ತಿದ್ದಾರೆ' ಎಂಬ ಮಾತು ಆಗಾಗ ಕೇಳಿಬರುತ್ತದೆ. ಆ ಏಳು ವರ್ಷಗಳ ಅಂಕಿ ಅದನ್ನು ಒಪ್ಪುವುದಿಲ್ಲ. ಪಾಲು ಇಳಿದಾಗಲೂ ಸಂಖ್ಯೆ ಏರಬಹುದು.

ಕಾಲೇಜಿನ ಅಂಗಳದಲ್ಲಿ ಹುಟ್ಟಿದ ತರಗತಿ

ಹನ್ನೊಂದು–ಹನ್ನೆರಡನೇ ತರಗತಿಗಳು ಭಾರತದಲ್ಲಿ ಶಾಲೆಯ ಮುಂದುವರಿಕೆಯಾಗಿ ಹುಟ್ಟಲಿಲ್ಲ. ಬ್ರಿಟಿಷರ ಕಾಲದಲ್ಲಿ ಅವು ಇಂಟರ್‌ಮೀಡಿಯೆಟ್ ಎಂಬ ಹೆಸರಿನಲ್ಲಿ ಕಾಲೇಜಿನ ಭಾಗವಾಗಿದ್ದವು. ಮುದಲಿಯಾರ್ ಆಯೋಗ (1952–53) ಇಂಟರ್‌ಮೀಡಿಯೆಟ್ ತೆಗೆದು ಅದರ ಒಂದು ವರ್ಷವನ್ನು ಶಾಲೆಗೆ, ಇನ್ನೊಂದನ್ನು ಪದವಿಗೆ ಸೇರಿಸಲು ಹೇಳಿತು. ನಡುವಿನ ಸೇತುವಾಗಿ ಒಂದು ವರ್ಷದ ಪಿಯುಸಿ ಬಂತು. ಕೊಠಾರಿ ಆಯೋಗದ (1964–66) 10+2+3 ಮಾದರಿಯಲ್ಲಿ ಅದು ಎರಡು ವರ್ಷವಾಯಿತು. ಕರ್ನಾಟಕದಲ್ಲಿ 1970ರ ದಶಕದ ಆರಂಭದಿಂದ ನಾವು ಕಂಡ ಪಿಯುಸಿ ಇದೇ.

ಈ ಹುಟ್ಟಿನ ಗುರುತು ಬೋಧಕರ ಮೇಲೂ ಉಳಿಯಿತು. ಕಾಲೇಜು ಬೋಧಕರಾಗಲು ಸ್ನಾತಕೋತ್ತರ ಪದವಿ ಬೇಕು. ವಿಶ್ವವಿದ್ಯಾಲಯಗಳ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದದ್ದೇ ತಡವಾಗಿ: ಕಲ್ಕತ್ತಾದಲ್ಲಿ ಕಾದಂಬಿನಿ ಗಂಗೂಲಿ, ಚಂದ್ರಮುಖಿ ಬಸು ಪದವಿ ಪಡೆದದ್ದು 1883ರಲ್ಲಿ. ಅದೇ ದಶಕದ ಆರಂಭದಲ್ಲಿ, 1881ರಲ್ಲಿ, ಮೈಸೂರಿನಲ್ಲಿ ಮಹಾರಾಣಿ ಬಾಲಕಿಯರ ಶಾಲೆ ಶುರುವಾಯಿತು. 1882ರ ಹಂಟರ್ ಆಯೋಗ ಹೆಣ್ಣುಮಕ್ಕಳ ಶಾಲೆಗಳಿಗೆ ಶಿಕ್ಷಕಿಯರನ್ನು ತಯಾರು ಮಾಡಬೇಕೆಂದಿತು. ಆದರೆ ಶಿಕ್ಷಕಿಯರ ಬೇಡಿಕೆ ಹುಟ್ಟಿದ್ದು ಕೆಳಗಿನ ತರಗತಿಗಳಲ್ಲಿ, ಹೆಣ್ಣುಮಕ್ಕಳ ಶಾಲೆಗಳಲ್ಲಿ.

ಸ್ವಾತಂತ್ರ್ಯದ ನಂತರವೂ ಸರ್ಕಾರಗಳು ಅದೇ ಜಾಡಿನಲ್ಲಿ ನಡೆದವು. ದುರ್ಗಾಬಾಯಿ ದೇಶಮುಖ್ ಅಧ್ಯಕ್ಷತೆಯ ರಾಷ್ಟ್ರೀಯ ಮಹಿಳಾ ಶಿಕ್ಷಣ ಸಮಿತಿ (1958–59) ಶಿಕ್ಷಕಿಯರ ಕೊರತೆಯ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿತು. ಕೊಠಾರಿ ಆಯೋಗವು ಎಲ್ಲ ಹಂತಗಳಲ್ಲೂ ಮಹಿಳೆಯರನ್ನು ನೇಮಿಸಲು ಉತ್ತೇಜನ ಕೊಡಿ, ಹಳ್ಳಿಗಳಲ್ಲಿ ಶಿಕ್ಷಕಿಯರಿಗೆ ವಸತಿ ಕೊಡಿ, ಅರೆಕಾಲಿಕ ಹುದ್ದೆಗಳನ್ನು ತೆರೆಯಿರಿ ಎಂದಿತು. ಅರುವತ್ತು ವರ್ಷಗಳ ಹಿಂದಿನ ಈ ಮಾತು ಇಂದು ಓದಿದರೂ ಹೊಸದಾಗಿಯೇ ಕೇಳುತ್ತದೆ, ಏಕೆಂದರೆ ವಸತಿಯ ಭಾಗ ಬಹುಪಾಲು ಕಾಗದದಲ್ಲೇ ಉಳಿಯಿತು. ದೊಡ್ಡ ಹಣ ಹರಿದದ್ದು ಪ್ರಾಥಮಿಕಕ್ಕೆ. 1987ರ ಆಪರೇಷನ್ ಬ್ಲಾಕ್‌ಬೋರ್ಡ್ ಯೋಜನೆ ಪ್ರತಿ ಪ್ರಾಥಮಿಕ ಶಾಲೆಗೆ ಕನಿಷ್ಠ ಇಬ್ಬರು ಶಿಕ್ಷಕರಿರಬೇಕು, ಅವರಲ್ಲಿ ಸಾಧ್ಯವಾದಷ್ಟೂ ಒಬ್ಬರು ಮಹಿಳೆಯಾಗಿರಬೇಕು ಎಂದಿತು. ಮುಂದೆ ಸರ್ವ ಶಿಕ್ಷಣ ಅಭಿಯಾನ ಹೊಸ ನೇಮಕಾತಿಯಲ್ಲಿ ಅರ್ಧದಷ್ಟು ಮಹಿಳೆಯರಿಗೆ ಎಂಬ ಗುರಿ ಇಟ್ಟಿತು. ಪಿಯುಸಿ ಹಂತಕ್ಕೆ ಇಂಥ ಒತ್ತು ಎಂದೂ ಸಿಗಲಿಲ್ಲ.

ಓದಿದವರೇ ಇರಲಿಲ್ಲ ಎಂಬ ವಾದ

ಮೊದಲ ವಿವರಣೆ ಸರಳ. ಎಂ.ಎ., ಎಂ.ಎಸ್ಸಿ. ಮಾಡಿದ ಹೆಣ್ಣುಮಕ್ಕಳೇ ಕಡಿಮೆ ಇದ್ದರು, ಹಾಗಾಗಿ ಉಪನ್ಯಾಸಕಿಯರೂ ಕಡಿಮೆ. ಆಫ್ರಿಕಾದ ಹಲವು ದೇಶಗಳಿಗೆ ಈ ವಾದ ಇಂದಿಗೂ ಬಹುಮಟ್ಟಿಗೆ ಹೊಂದುತ್ತದೆ. ಅಲ್ಲಿ ಪ್ರೌಢಶಾಲೆ ಮುಗಿಸುವ ಹೆಣ್ಣುಮಕ್ಕಳೇ ಕಡಿಮೆ. ಭಾರತದಲ್ಲಿ ಅದರ ಬಲ ಕುಂದುತ್ತಿದೆ. ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ 2021–22ರ ವರದಿಯಲ್ಲಿ ವಿಜ್ಞಾನ ವಿಭಾಗಕ್ಕೆ ಸೇರಿದ 57.2 ಲಕ್ಷ ವಿದ್ಯಾರ್ಥಿಗಳಲ್ಲಿ 29.8 ಲಕ್ಷ ಹೆಣ್ಣುಮಕ್ಕಳು. ಬಿ.ಇಡಿ. ತರಗತಿಗಳಲ್ಲಿ ಹೆಣ್ಣುಮಕ್ಕಳೇ ಹೆಚ್ಚು ಎಂಬುದು ನಮ್ಮ ಊರಿನ ಯಾವ ಶಿಕ್ಷಣ ಕಾಲೇಜಿಗೆ ಹೋದರೂ ಕಾಣುತ್ತದೆ.

ಈ ವಾದದವರಿಗೆ ಒಂದು ಮರು-ಉತ್ತರವಿದೆ, ಅದರಲ್ಲಿ ತೂಕವೂ ಇದೆ. ಕರ್ನಾಟಕದಲ್ಲಿ ಉಪನ್ಯಾಸಕರೊಬ್ಬರು ಮೂವತ್ತರ ಆಸುಪಾಸಿನಲ್ಲಿ ಸೇರಿದರೆ ಅರುವತ್ತಕ್ಕೆ ನಿವೃತ್ತಿ. ಇಂದಿನ ಸಿಬ್ಬಂದಿ ಕೋಣೆಯಲ್ಲಿ ಕೂತವರಲ್ಲಿ ಹಲವರು 1990ರ ದಶಕದ ಪದವೀಧರರು. ಅಂದು ಓದಿದವರ ಪ್ರಮಾಣ ಇಂದಿನ ಎಣಿಕೆಯಲ್ಲಿ ಪ್ರತಿಫಲಿಸುತ್ತಿದೆ. ಅದರ ಮೇಲೆ ಪಿಯು ಉಪನ್ಯಾಸಕರ ನೇಮಕಾತಿ ವರ್ಷವರ್ಷವೂ ನಡೆಯುವುದಿಲ್ಲ. ಅಧಿಸೂಚನೆಯಿಂದ ಆದೇಶದವರೆಗೆ ವರ್ಷಗಟ್ಟಲೆ ಕಾದವರು ಎಷ್ಟೋ ಮಂದಿ. ಹೊಸ ನೀರು ಬಾರದೆ ಹಳೆಯ ಅನುಪಾತ ಹಾಗೇ ನಿಂತಿರುತ್ತದೆ. ಇದು ನಿಜವಾದರೆ ಕಾಲವೇ ಈ ಅಂತರವನ್ನು ಮುಚ್ಚಬೇಕು. ಆದರೆ ಪದವಿ ಕಾಲೇಜುಗಳನ್ನು ನೋಡಿ: 2020–21ರಲ್ಲಿ ಉನ್ನತ ಶಿಕ್ಷಣದ ನೂರು ಪುರುಷ ಬೋಧಕರಿಗೆ 75 ಮಹಿಳೆಯರಿದ್ದರು. ಅದೇ ಕಾಲಕ್ಕೆ ಪಿಯುಸಿ ಹಂತದಲ್ಲೂ ಹೆಚ್ಚುಕಡಿಮೆ ಅದೇ ಅನುಪಾತ, ನೂರಕ್ಕೆ 76ರ ಹತ್ತಿರ. ಪಿಯುಸಿ ಬೋಧಕರ ಸಮುದಾಯ ಶಾಲೆಗಿಂತ ಕಾಲೇಜನ್ನೇ ಹೋಲುತ್ತದೆ. ಹುಟ್ಟಿದ ಅಂಗಳ ಇನ್ನೂ ಬಿಟ್ಟಿಲ್ಲ.

ಸಂಬಳ ಮತ್ತು ಅಂತಸ್ತು

ಎರಡನೆಯ ಪಂಥದವರು ಹಣ ಮತ್ತು ಗೌರವದ ಕಡೆ ಬೆರಳು ತೋರುತ್ತಾರೆ. ಸಂಬಳ, ಅಂತಸ್ತು ಹೆಚ್ಚಿದ್ದಲ್ಲಿ ಗಂಡಸರು ನಿಲ್ಲುತ್ತಾರೆ, ಇಳಿದಲ್ಲಿ ಬಿಟ್ಟುಕೊಡುತ್ತಾರೆ ಎಂಬುದು ಇವರ ಸೂತ್ರ. ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ಶಾಲಾ ಮಂಡಳಿಗಳು ಕಡಿಮೆ ಸಂಬಳಕ್ಕೆ ಸಿಗುತ್ತಾರೆಂದು ಮಹಿಳೆಯರನ್ನು ನೇಮಿಸಿಕೊಂಡವು. 1900ರ ಹೊತ್ತಿಗೆ ಅಲ್ಲಿನ ಶಿಕ್ಷಕರಲ್ಲಿ ಹತ್ತಕ್ಕೆ ಏಳು ಮಂದಿ ಮಹಿಳೆಯರು. ಹೈಸ್ಕೂಲುಗಳಲ್ಲಿ ಮಾತ್ರ ಗಂಡಸರು ಬಹುಕಾಲ ಉಳಿದರು. ಭಾರತದಲ್ಲೂ ಸಂಬಳದ ಮೆಟ್ಟಿಲು ಸ್ಪಷ್ಟ: ಏಳನೇ ವೇತನ ಆಯೋಗದ ಪ್ರಕಾರ ಕೇಂದ್ರೀಯ ವಿದ್ಯಾಲಯದ ಪ್ರಾಥಮಿಕ ಶಿಕ್ಷಕರ ಆರಂಭಿಕ ಮೂಲವೇತನ 35,400 ರೂಪಾಯಿ, ಹನ್ನೊಂದು–ಹನ್ನೆರಡನೇ ತರಗತಿಗೆ ಪಾಠ ಹೇಳುವ ಸ್ನಾತಕೋತ್ತರ ಶಿಕ್ಷಕರದು 47,600.

ಈ ವಾದ ಖಾಸಗಿ ಶಾಲೆಗಳನ್ನು ಚೆನ್ನಾಗಿ ವಿವರಿಸುತ್ತದೆ. ಕಡಿಮೆ ಸಂಬಳದ ಅನುದಾನರಹಿತ ಶಾಲೆಗಳಲ್ಲಿ ಮಹಿಳೆಯರೇ ಹೆಚ್ಚು. ಭದ್ರ ಸಂಬಳದ ಸರ್ಕಾರಿ, ಅನುದಾನಿತ ಸಂಸ್ಥೆಗಳಲ್ಲಿ ಪುರುಷರು ಗಟ್ಟಿಯಾಗಿದ್ದಾರೆ. ಅದೇ ಖಾಸಗಿ ವಲಯದಲ್ಲಿ ಹಣ ಹೆಚ್ಚು ಸಿಗುವ ಒಂದು ಮೂಲೆಯಿದೆ: ಸಿಇಟಿ, ನೀಟ್, ಜೆಇಇ ತರಬೇತಿಯನ್ನು ಪಿಯುಸಿಯೊಂದಿಗೆ ಬೆಸೆದ ವಸತಿ ಕಾಲೇಜುಗಳು. ಕರ್ನಾಟಕದಲ್ಲಿ 1994ರಲ್ಲಿ ಸಿಇಟಿ ಬಂದ ಮೇಲೆ ಬೆಳೆದ ಈ ಲೋಕದಲ್ಲಿ ಭೌತಶಾಸ್ತ್ರ, ಗಣಿತದ ಹೆಸರಾಂತ ಬೋಧಕರೆಂದು ಮಕ್ಕಳು ಹೇಳುವ ಹೆಸರುಗಳು ಹೆಚ್ಚಾಗಿ ಗಂಡಸರವೇ. ಬೆಳಿಗ್ಗೆ ಆರಕ್ಕೆ ಶುರುವಾಗಿ ರಾತ್ರಿಯ ಸ್ಟಡಿ ಅವರ್‌ವರೆಗೆ ಎಳೆಯುವ ದಿನಚರಿ, ಮನೆಯ ಅಡುಗೆ, ಮಕ್ಕಳ ಹೊಣೆ ಹೊತ್ತವರನ್ನು ತಾನಾಗಿಯೇ ಹೊರಗಿಡುತ್ತದೆ. ಇಲ್ಲಿ ಸಂಬಳದ ಮಾತಿಗಿಂತ ವೇಳೆಯ ಮಾತು ದೊಡ್ಡದು ಎಂದು ನನ್ನ ಅಭಿಪ್ರಾಯ.

ಜಾತಿಯ ಪ್ರಶ್ನೆಯನ್ನು ಈ ಪಂಥದವರು ಹೆಚ್ಚು ಮುಟ್ಟುವುದಿಲ್ಲ, ಮುಟ್ಟಬೇಕು. 'ಪುರುಷ ಉಪನ್ಯಾಸಕರು' ಒಂದೇ ಬಗೆಯ ಜನರಲ್ಲ. ದೇವರಾಜ ಅರಸರ ಕಾಲದಲ್ಲಿ, ಹಿಂದುಳಿದ ವರ್ಗಗಳ ಕುರಿತ 1975ರ ಹಾವನೂರು ವರದಿಯ ನಂತರ, ಹಿಂದುಳಿದ ಮತ್ತು ದಲಿತ ಕುಟುಂಬಗಳ ಮೊದಲ ತಲೆಮಾರಿನ ಪದವೀಧರರು ಹಾಸ್ಟೆಲುಗಳಲ್ಲಿ ಓದಿ ಹೊರಬಂದರು. ಅವರಿಗೆ ಪಿಯು ಕಾಲೇಜಿನ ಹುದ್ದೆ ಮನೆತನವನ್ನೇ ಮೇಲೆತ್ತಿದ ಮೆಟ್ಟಿಲು. ಆ ಮನೆಗಳಲ್ಲಿ ಮೊದಲು ಓದಿದ್ದು ಗಂಡುಮಕ್ಕಳು. ಆರಂಭದ ಶಿಕ್ಷಕಿಯರಲ್ಲಿ ಹೆಚ್ಚಿನವರು ಬಂದದ್ದು ಮೇಲ್ಜಾತಿಯ, ನಗರದ ಕುಟುಂಬಗಳಿಂದ. ಪುರುಷರ ಸಂಖ್ಯೆಯನ್ನು ಬರೀ ಲಿಂಗದ ಅಸಮಾನತೆ ಎಂದು ಓದಿದರೆ ಈ ಸಾಮಾಜಿಕ ಏರಿಕೆ ಕಣ್ಣಿಗೆ ಬೀಳುವುದಿಲ್ಲ. ಬರೀ ಏರಿಕೆ ಎಂದು ಓದಿದರೆ ಆ ಮನೆಗಳ ಅಕ್ಕತಂಗಿಯರು ಲೆಕ್ಕದಿಂದ ಬಿಟ್ಟುಹೋಗುತ್ತಾರೆ.

ನಿಯಮವೇ ಬರೆದ ಅನುಪಾತ

ಮೂರನೆಯ ವಾದ ನೇಮಕಾತಿ ನಿಯಮಗಳದು. ಬಾಂಗ್ಲಾದೇಶ ಬಹುಕಾಲ ಸರ್ಕಾರಿ ಪ್ರಾಥಮಿಕ ಶಾಲೆಗಳ ನೇಮಕಾತಿಯಲ್ಲಿ ಶೇ. 60ರಷ್ಟು ಹುದ್ದೆಗಳನ್ನು ಮಹಿಳೆಯರಿಗೆ ಮೀಸಲಿಟ್ಟಿತು. ಪ್ರೌಢ ಹಂತದಲ್ಲಿ ಅದು ಶೇ. 30 ಇತ್ತು. ಬಿಹಾರದಲ್ಲಿ ಕೆಳಹಂತಕ್ಕೆ ಶೇ. 50, ಒಂಬತ್ತರಿಂದ ಹನ್ನೆರಡಕ್ಕೆ ಶೇ. 35. ಕರ್ನಾಟಕದಲ್ಲಿ ಪ್ರಾಥಮಿಕ ಶಿಕ್ಷಕರ ನೇಮಕಾತಿಯಲ್ಲಿ ಮಹಿಳೆಯರಿಗೆ ಅರ್ಧ, ಉಳಿದ ಸರ್ಕಾರಿ ಹುದ್ದೆಗಳಲ್ಲಿ ಶೇ. 33. ಮೂರೂ ಕಡೆ ಒಂದೇ ನಂಬಿಕೆ ಕೆಲಸ ಮಾಡಿದೆ: ಚಿಕ್ಕ ಮಕ್ಕಳಿಗೆ ತಾಯಿಯಂಥವರು ಬೇಕು, ದೊಡ್ಡ ಮಕ್ಕಳಿಗೆ ವಿಷಯ ಬಲ್ಲವರು ಸಾಕು. ಮೀಸಲಾತಿ ಕನಿಷ್ಠ ಮಿತಿಯೇ ಹೊರತು ಗರಿಷ್ಠವಲ್ಲ ಎಂಬ ಆಕ್ಷೇಪ ಸರಿ. ಆದರೆ ವಿಷಯವಾರು ನೇಮಕಾತಿಯಲ್ಲಿ, ಒಂದೊಂದು ವಿಷಯಕ್ಕೆ ಬೆರಳೆಣಿಕೆಯ ಹುದ್ದೆಗಳಿರುವಾಗ, ನಿಯಮದ ಅಂಕಿಯೇ ಹಲವು ಬಾರಿ ಫಲಿತಾಂಶದ ಅಂಕಿಯೂ ಆಗಿಬಿಡುತ್ತದೆ.

ಎಲ್ಲಿಗೆ ಹಾಕುತ್ತಾರೆ?

ನನ್ನ ಮಟ್ಟಿಗೆ ಅತಿ ಹೆಚ್ಚು ವಿವರಿಸುವ ಶಕ್ತಿಯಿರುವುದು ನಾಲ್ಕನೆಯ ವಾದಕ್ಕೆ. ಅದು ಹುದ್ದೆಗಿಂತ ಹುದ್ದೆಯಿರುವ ಜಾಗವನ್ನು ನೋಡುತ್ತದೆ.

ಪ್ರಾಥಮಿಕ ಶಾಲೆ ಊರೂರಿಗೂ ಇದೆ. ಶಿಕ್ಷಕಿಯೊಬ್ಬರು ಗಂಡನ ಊರಿನ ಸುತ್ತಲೇ ಒಂದು ಶಾಲೆ ಹುಡುಕಿಕೊಳ್ಳಬಹುದು. ಪದವಿ ಪೂರ್ವ ಕಾಲೇಜು ತಾಲ್ಲೂಕಿಗೆ ಕೆಲವೇ. ಭೌತಶಾಸ್ತ್ರದ ಹುದ್ದೆ ಅಂಥ ಕಾಲೇಜಿನಲ್ಲಿ ಒಂದೋ ಎರಡೋ. ಹಾಗಾಗಿ ಎಂ.ಎಸ್ಸಿ. ಓದಿದ ಹೆಣ್ಣುಮಗಳಿಗೆ ಆದೇಶ ಬಂದರೆ ಅದು ಇನ್ನೂರು ಮುನ್ನೂರು ಕಿಲೋಮೀಟರ್ ಆಚೆಯದ್ದಾಗಿರುವ ಸಾಧ್ಯತೆ ಹೆಚ್ಚು. ಹೋಬಳಿ ಕೇಂದ್ರದ ಕಾಲೇಜಿಗೆ ಬೆಳಿಗ್ಗೆ ಒಂದು ಬಸ್, ಸಂಜೆ ಒಂದು ಬಸ್. ಬಾಡಿಗೆಗೆ ಮನೆ ಸಿಗುವುದೇ ಕಷ್ಟ, ಒಂಟಿ ಹೆಣ್ಣಿಗೆ ಇನ್ನೂ ಕಷ್ಟ. ಗಂಡಸು ಅದೇ ಊರಲ್ಲಿ ರೂಮು ಮಾಡಿಕೊಂಡು ವಾರಾಂತ್ಯಕ್ಕೆ ಮನೆಗೆ ಹೋಗಿ ಬರುತ್ತಾನೆ. ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಇದ್ದೇ ಇರುತ್ತಾರೆ. ಪ್ರೌಢಶಾಲಾ ಶಿಕ್ಷಕಿಗೆ ಉಪನ್ಯಾಸಕಿಯಾಗಿ ಬಡ್ತಿ ಬಂದಾಗಲೂ ಊರು ಬಿಡಬೇಕಾದ್ದರಿಂದ ಬೇಡವೆಂದು ಬರೆದುಕೊಡುವ ಪ್ರಸಂಗಗಳಿವೆ. ಎಷ್ಟು ಓದಿದ್ದರೂ, ಬಡ್ತಿ ಕಾಗದ ಕೈಯಲ್ಲಿದ್ದರೂ, ಬೇಡ ಎನ್ನಬೇಕಾಗಿ ಬರುವುದು ನೋವಿನ ಸಂಗತಿ.

ಕರ್ನಾಟಕ ಈ ಸಮಸ್ಯೆಯನ್ನು ಕಾನೂನಿನಿಂದ ಹಿಡಿಯಲು ನೋಡಿದೆ. 2007ರ ಶಿಕ್ಷಕರ ವರ್ಗಾವಣೆ ನಿಯಂತ್ರಣ ಕಾಯ್ದೆ, ಅದರ ಜಾಗಕ್ಕೆ ಬಂದ 2020ರ ಕಾಯ್ದೆ, ಎ–ಬಿ–ಸಿ ವಲಯಗಳ ವಿಂಗಡಣೆ, ಕೌನ್ಸೆಲಿಂಗ್, ಪತಿ-ಪತ್ನಿ ಪ್ರಕರಣಕ್ಕೆ ಆದ್ಯತೆ, ಇವೆಲ್ಲ ಬಂದವು. ಶಿಫಾರಸು, ಲಂಚಗಳ ಕಾಲಕ್ಕಿಂತ ಇದು ನ್ಯಾಯದ ದಾರಿ. ಆದರೆ ಖಾಲಿ ಇರುವ ಜಾಗ ದೂರದ್ದೇ ಆಗಿದ್ದರೆ ಕೌನ್ಸೆಲಿಂಗ್ ಹೊಸ ಜಾಗ ಸೃಷ್ಟಿಸಲಾರದು. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿ ಕೊಟ್ಟ ಸ್ಥಳೀಯ ಮೀಸಲಾತಿ ಒಂದು ಬೇರೆ ದಾರಿ: ಅಲ್ಲಿನವರಿಗೇ ಅಲ್ಲಿ ಕೆಲಸ. ಬೀದರ್, ಕಲಬುರಗಿಯ ಹೆಣ್ಣುಮಕ್ಕಳು ಮನೆಯ ಹತ್ತಿರದ ಕಾಲೇಜಿಗೆ ಬರಲು ಇದು ನೆರವಾಗಬೇಕು.

ರಾಜ್ಯಗಳ ನಡುವಿನ ಅಂತರವನ್ನೂ ಈ ವಾದ ಒಂದು ಮಟ್ಟಕ್ಕೆ ಬಿಡಿಸುತ್ತದೆ. ಒಟ್ಟು ಶಿಕ್ಷಕರಲ್ಲಿ ಮಹಿಳೆಯರ ಪಾಲು ಕೇರಳ, ಗೋವಾ, ದೆಹಲಿ, ಚಂಡೀಗಢದಲ್ಲಿ ಶೇ. 70 ದಾಟುತ್ತದೆ, ತ್ರಿಪುರಾ, ಅಸ್ಸಾಂ, ಜಾರ್ಖಂಡ್, ರಾಜಸ್ಥಾನ ಕೆಳಗಿವೆ. ಮೊದಲ ಗುಂಪಿನಲ್ಲಿ ಊರುಗಳು ಒತ್ತೊತ್ತಾಗಿವೆ, ಬಸ್ಸುಗಳಿವೆ. ಆದರೂ ಕೇರಳದ ಹೆಣ್ಣುಮಕ್ಕಳ ಓದಿನ ಉದ್ದ ಇತಿಹಾಸವನ್ನು ಬಿಟ್ಟು ಬಸ್ಸೊಂದರಿಂದಲೇ ಎಲ್ಲವನ್ನೂ ವಿವರಿಸಲಾಗದು.

ಮಕ್ಕಳಿಗೆ ಏನಾಗುತ್ತದೆ?

ಈ ಸಂಖ್ಯೆ ಮುಖ್ಯವಾಗುವುದೇ ಕಲಿಕೆಯ ಮೇಲೆ ಅದರ ಪರಿಣಾಮವಿದ್ದರೆ ಎನ್ನುವವರಿದ್ದಾರೆ. ಕಾರ್ತಿಕ್ ಮುರಳೀಧರನ್ ಮತ್ತು ಕೇತಕಿ ಶೇಠ್ ಆಂಧ್ರಪ್ರದೇಶದ ಗ್ರಾಮೀಣ ಪ್ರಾಥಮಿಕ ಶಾಲೆಗಳ ಮೇಲೆ ಮಾಡಿದ ಅಧ್ಯಯನ (2016) ಪ್ರಸಿದ್ಧ: ಶಿಕ್ಷಕಿಯ ಬಳಿ ಕಲಿತ ಹೆಣ್ಣುಮಕ್ಕಳ ಕಲಿಕೆ ತುಸು ಹೆಚ್ಚು, ಗಂಡುಮಕ್ಕಳಿಗೆ ನಷ್ಟವಿಲ್ಲ. ಪರಿಣಾಮ ಚಿಕ್ಕದು. ಅಮೆರಿಕದ ವಾಯುಪಡೆ ಅಕಾಡೆಮಿಯ ಮೇಲಿನ 2010ರ ಅಧ್ಯಯನ, ಗಣಿತದಲ್ಲಿ ಜಾಣೆಯರಾದ ವಿದ್ಯಾರ್ಥಿನಿಯರಿಗೆ ಪ್ರಾಧ್ಯಾಪಕಿ ಸಿಕ್ಕರೆ ಅವರು ವಿಜ್ಞಾನದಲ್ಲಿ ಉಳಿಯುವ ಸಾಧ್ಯತೆ ಗಣನೀಯವಾಗಿ ಏರುತ್ತದೆ ಎಂದು ತೋರಿಸಿತು. ಪಿಯುಸಿ ಈ ಎರಡರ ನಡುವಿನ ವಯಸ್ಸು. ವಿಜ್ಞಾನವೋ ವಾಣಿಜ್ಯವೋ ಕಲೆಯೋ, ಓದೋ ಮದುವೆಯೋ ಎಂದು ತೀರ್ಮಾನವಾಗುವುದು ಇಲ್ಲೇ. ಈ ಘಟ್ಟದಲ್ಲಿ ಗಣಿತ ಹೇಳುವ ಮೇಡಂ ಒಬ್ಬರನ್ನು ಕಾಣುವುದು ಹುಡುಗಿಗೆ ದೊಡ್ಡ ಬಲ ಎಂದು ನಾನು ನಂಬುತ್ತೇನೆ.

ಎದುರುವಾದವೂ ಇದೆ. ಕರ್ನಾಟಕದ ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ ಪ್ರತಿವರ್ಷ ಹುಡುಗಿಯರೇ ಮುಂದಿರುತ್ತಾರೆ. ಗಂಡಸರೇ ಹೆಚ್ಚಿರುವ ಬೋಧಕ ವರ್ಗ ಅದನ್ನು ತಡೆದಿಲ್ಲ. ಹಿಂದೆ ಬೀಳುತ್ತಿರುವವರು ಹುಡುಗರು, ಅವರಿಗೆ ಆದರ್ಶವಾಗಬಲ್ಲ ಮೇಷ್ಟ್ರು ಬೇಕು ಎಂಬ ದನಿ ಬಲಗೊಳ್ಳುತ್ತಿದೆ. ಇದನ್ನು ತಳ್ಳಿಹಾಕಬಾರದು. ಆದರೆ ಹುಡುಗರು ಶಾಲೆ ಬಿಡುವುದು ಹೆಚ್ಚಾಗಿ ದುಡಿಮೆಯ ಒತ್ತಡಕ್ಕೆ, ಕಲಿಸಿದ್ದು ತಲೆಗೆ ಹತ್ತದ ಬೇಸರಕ್ಕೆ. ಗಂಡು ಮೇಷ್ಟ್ರುಗಳು ಸಾಕಷ್ಟಿರುವ ಪಿಯುಸಿ ಹಂತದಲ್ಲೇ ಅವರು ಹಿಂದುಳಿಯುತ್ತಿರುವಾಗ ಸಂಖ್ಯೆಯೊಂದೇ ಮದ್ದಾಗಲಾರದು.

ತೀರ್ಮಾನವಾಗದೆ ಉಳಿದದ್ದು

ಕಾಲವೊಂದೇ ಅಂತರ ಮುಚ್ಚುತ್ತದೆಯೇ, ಇಲ್ಲವೇ ಜಾಗ ಮತ್ತು ವೇಳೆಯ ಅಡ್ಡಿಗಳು ಹೊಸ ತಲೆಮಾರನ್ನೂ ತಡೆಯುತ್ತವೆಯೇ ಎಂಬುದು ಮೊದಲ ಪ್ರಶ್ನೆ. ಇದಕ್ಕೆ ಇರುವವರ ಲೆಕ್ಕ ಸಾಲದು. ಯಾವ ವರ್ಷ ಯಾರು ಅರ್ಜಿ ಹಾಕಿದರು, ಯಾರು ಆಯ್ಕೆಯಾದರು, ಯಾರು ಆದೇಶ ಬಂದರೂ ಸೇರಲಿಲ್ಲ ಎಂಬ ಹರಿವಿನ ಲೆಕ್ಕ ಬೇಕು.

ಅತಿಥಿ ಉಪನ್ಯಾಸಕರದು ಎರಡನೆಯದು. ಖಾಯಂ ಹುದ್ದೆಯವರನ್ನೂ ವರ್ಷವರ್ಷ ಗೌರವಧನಕ್ಕೆ ದುಡಿಯುವವರನ್ನೂ ಒಂದೇ ಸಂಖ್ಯೆಯಲ್ಲಿ ಸೇರಿಸಿದರೆ ಮಹಿಳೆಯರ ಪಾಲು ಏರಿದ್ದು ಗೆಲುವೋ ಅಗ್ಗದ ದುಡಿಮೆಯೋ ತಿಳಿಯುವುದಿಲ್ಲ. ವಿಷಯವಾರು ಚಿತ್ರವೂ ಹಾಗೆಯೇ: ಕನ್ನಡ, ಜೀವಶಾಸ್ತ್ರಗಳಲ್ಲಿ ಸಮ, ಭೌತಶಾಸ್ತ್ರ, ಗಣಿತದಲ್ಲಿ ವಿಷಮವಾಗಿದ್ದರೆ ಒಟ್ಟು ಶೇಕಡಾ ಯಾರಿಗೂ ಉತ್ತರ ಕೊಡದು. 2030ರೊಳಗೆ ಜಗತ್ತಿಗೆ ಇನ್ನೂ 4.4 ಕೋಟಿ ಶಿಕ್ಷಕರು ಬೇಕು, ಅವರಲ್ಲಿ ಹೆಚ್ಚಿನವರು ಪ್ರೌಢ ಹಂತಕ್ಕೆ ಎಂದು ಯುನೆಸ್ಕೊ ಅಂದಾಜಿಸಿದೆ. ಅಷ್ಟೂ ಹುದ್ದೆಗಳು ಯಾವ ಷರತ್ತಿನ ಮೇಲೆ ತುಂಬುತ್ತವೆ ಎಂಬುದರ ಮೇಲೆ ಈ ಚರ್ಚೆಯ ಮುಂದಿನ ದಿಕ್ಕು ನಿಂತಿದೆ.

ಕೊನೆಯದು ನಮ್ಮ ಹೊಸ್ತಿಲಲ್ಲೇ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಒಂಬತ್ತರಿಂದ ಹನ್ನೆರಡನ್ನು ಒಂದೇ ಹಂತವೆನ್ನುತ್ತದೆ. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಸಲ್ಲಿಸಿದ ವರದಿಯ 2+8+4 ಮಾದರಿಯೂ ಅದನ್ನೇ ಹೇಳುತ್ತದೆ. ಹೈಸ್ಕೂಲು ಮತ್ತು ಪಿಯುಸಿ ಒಂದೇ ಸೂರಿನಡಿ ಬಂದರೆ ಹೈಸ್ಕೂಲಿನ ಶಿಕ್ಷಕಿಯರು ಊರು ಬಿಡದೆಯೇ ಹನ್ನೆರಡನೇ ತರಗತಿಗೆ ಪಾಠ ಹೇಳುವ ಅವಕಾಶ ಹುಟ್ಟುತ್ತದೆ. ಆಗ ಉಪನ್ಯಾಸಕರ ಜ್ಯೇಷ್ಠತೆ ಏನಾಗಬೇಕು, ಸ್ನಾತಕೋತ್ತರ ಪದವಿಯ ಷರತ್ತು ಉಳಿಯಬೇಕೇ, ಎರಡೂ ವೃಂದಗಳಿಗೆ ಒಂದೇ ವೇತನ ಶ್ರೇಣಿಯೇ, ಬಡ್ತಿಯ ಪಟ್ಟಿಯಲ್ಲಿ ಯಾರು ಮೊದಲು ಎಂಬುದನ್ನು ಸರ್ಕಾರವೂ ಬೋಧಕರ ಸಂಘಗಳೂ ಕೂತು ಬಗೆಹರಿಸಬೇಕಿದೆ.